ಮದರ್ ಎಲೆನ್ ಮಾತು ತಪ್ಪಿದ ಚಳಿಗಾಲ

ಹೋದ ತಿಂಗಳು ಮಗಳು ಸಿರಿಯ ಪಿಯಾನೋ ಕಾರ್ಯಕ್ರಮ ಇಸ್ಸಾಕ್ವಾದ ಒಂದು ಚರ್ಚಿನ ಹಾಲಿನಲ್ಲಿತ್ತು. ಅವಳ ಸರದಿಗೆ ಕಾಯುತ್ತ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಯಾರೋ ಬದಿಯ ಬಾಗಿಲು ತೆರೆದರು. ಆಗಷ್ಟೇ ಆರಿಸಿದ ಮೇಣದಬತ್ತಿಯ ಹೊಗೆ, ಹೊತ್ತು ಮೀರಿ ಕುದಿದ ಕಾಫಿ, ಮಳೆಯಲ್ಲಿ ನೆಂದ ಉಣ್ಣೆಯ ಕೋಟುಗಳು, ಮೂರರ ವಾಸನೆಯೂ ಒಟ್ಟಿಗೆ ಬಂದು ಮುಖಕ್ಕೆ ಬಡಿಯಿತು. ನನಗೆ ಅಲ್ಲಿ ಕೂರಲಾಗಲಿಲ್ಲ. ಹೊರಗೆ ಹೋಗಿ ಕಾರಿನಲ್ಲಿ ಕುಳಿತುಬಿಟ್ಟೆ. ಹನ್ನೆರಡು ವರ್ಷದ ಹುಡುಗಿ ಮೂರು ತಿಂಗಳು ಕಲಿತು ನುಡಿಸಿದ್ದನ್ನು ಅವಳ ತಾಯಿ ಕೇಳಲಿಲ್ಲ. ಮನೆಗೆ ಬರುವ ದಾರಿಯಲ್ಲಿ "ಯು ಮಿಸ್ಡ್ ಇಟ್, ಅಮ್ಮ" ಎಂದಷ್ಟೇ ಹೇಳಿ ಅವಳು ಕಿಟಕಿಯ ಕಡೆ ತಿರುಗಿದಳು.

ಐದು ವರ್ಷದ ಹಿಂದಿನ ಒಂದು ಚಳಿಗಾಲವನ್ನು ನಾನು ಅವಳಿಗೆ ಹೇಳಿಲ್ಲ. ಪೂರ್ತಿಯಾಗಿ ಯಾರಿಗೂ ಹೇಳಿಲ್ಲ ಎನ್ನಬಹುದು. ಒಬ್ಬರಿಗೆ ಹೇಳಿದೆ, ಅವರಿಗೆ ನೆನಪಿಲ್ಲ.

ಆಗ ನಾನು ಎಪಿಸ್ಕೋಪಲ್ ಎನ್ನುವ ಕ್ರೈಸ್ತ ಪಂಥದ ಒಂದು ಚರ್ಚಿನ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ. ಎಜುಕೇಶನ್ ಹಿಲ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷದ ದಾರಿ. ಮೈಸೂರಿನಲ್ಲಿ ಹೈಸ್ಕೂಲ್ ಟೀಚರಾಗಿದ್ದವಳು, ಗಂಡ ರಘುವಿನ ಕೆಲಸದ ಹಿಂದೆ ಈ ದೇಶಕ್ಕೆ ಬಂದು ಎಂಟು ವರ್ಷ ಮನೆಯಲ್ಲೇ ಇದ್ದೆ. ದುಡಿಯಲು ಪರವಾನಗಿ ಸಿಕ್ಕಾಗ ಮೊದಲು ಕಣ್ಣಿಗೆ ಬಿದ್ದದ್ದು ಚರ್ಚಿನ ಬೋರ್ಡಿನ ಮೇಲಿನ ಚೀಟಿ: ಕಚೇರಿಗೆ ಸಹಾಯಕಿ ಬೇಕು, ವಾರಕ್ಕೆ ನಾಲ್ಕು ದಿನ. ಒಳಗೆ ಹೋದರೆ ಬಿಳಿ ಕಾಲರ್ ಹಾಕಿಕೊಂಡ, ಅರವತ್ತು ದಾಟಿದ, ಎತ್ತರದ ಹೆಂಗಸೊಬ್ಬರು ಏಣಿಯ ಮೇಲೆ ನಿಂತು ಬಲ್ಬು ಬದಲಾಯಿಸುತ್ತಿದ್ದರು. ಆ ಪಂಥದಲ್ಲಿ ಹೆಂಗಸರೂ ಪಾದ್ರಿಗಳಾಗುತ್ತಾರೆಂದು ನನಗೆ ಅವತ್ತೇ ಗೊತ್ತಾದದ್ದು.

"ನಾನು ಹಿಂದೂ" ಅಂದೆ.

"ಪರವಾಗಿಲ್ಲ. ಟೈಪಿಂಗ್ ಬರುತ್ತಾ?" ಅಂದರು.

ಎಲ್ಲರೂ ಅವರನ್ನು ಎಲೆನ್ ಎನ್ನುತ್ತಿದ್ದರು. ಹಿರಿಯರನ್ನು ಬರೀ ಹೆಸರಿನಿಂದ ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಕೆಲವು ಹಳಬರು ಕರೆಯುವಂತೆ ಮದರ್ ಎಂದೇ ಕರೆದೆ.

ಪರ್ವತಗಳ ಆಚೆ, ಗೋಧಿ ಬೆಳೆಯುವ ಒಂದು ಸಣ್ಣ ಊರಿನಲ್ಲಿ ಹುಟ್ಟಿದವರು ಅವರು. ಹನ್ನೊಂದು ವರ್ಷ ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್ ಆಗಿದ್ದರು. "ಒಬ್ರು ಸಾಯ್ತಾ ಇರ್ತಾರೆ, ನನ್ನ ಕೈ ಹಿಡ್ಕೊಂಡಿರ್ತಾರೆ, ಶಿಫ್ಟ್ ಮುಗೀತು ಅಂತ ಎದ್ದು ಹೋಗ್ಬೇಕು. ಅದು ನನ್ ಕೈಲಿ ಆಗ್ಲಿಲ್ಲ" ಎಂದು ಒಮ್ಮೆ ಹೇಳಿದ್ದರು. ಮೂವತ್ತೆಂಟನೇ ವಯಸ್ಸಿನಲ್ಲಿ ಪಾದ್ರಿಯಾದರು. ಎರಡು ಊರುಗಳಲ್ಲಿ ಸಹಾಯಕರಾಗಿದ್ದು ಈ ಚರ್ಚಿಗೆ ಬಂದು ಹತ್ತೊಂಬತ್ತು ವರ್ಷ ಆಗಿತ್ತು. ಮದುವೆಯಾಗಿರಲಿಲ್ಲ. ಸ್ಪೋಕೇನ್‌ನಲ್ಲಿ ಒಬ್ಬ ತಂಗಿ. ಬೆಟ್ಟದ ಮೇಲೆ ನಮ್ಮಂಥವರ ಮನೆಗಳು ಏಳುತ್ತಿದ್ದವು, ಚರ್ಚಿನಲ್ಲಿ ಬೆಂಚುಗಳು ಖಾಲಿಯಾಗುತ್ತಿದ್ದವು. ಮಕ್ಕಳಿಗೆ ಹೆಸರಿಡುವುದಕ್ಕಿಂತ ಹೆಚ್ಚಾಗಿ ಅವರು ಶವ ಸಂಸ್ಕಾರವನ್ನೇ ಮಾಡುತ್ತಿದ್ದರು. ಆದರೂ ನಗುತ್ತಿದ್ದರು. "ಈ ಬೆಟ್ಟದ ಅರ್ಧ ಮನೆಗಳ ಗುಟ್ಟು ನನ್ನ ಹೊಟ್ಟೇಲಿದೆ, ಅದಕ್ಕೇ ತೂಕ ಇಳಿಯಲ್ಲ" ಅನ್ನುತ್ತಿದ್ದರು.

ಅದು ಬರೀ ತಮಾಷೆಯಲ್ಲ. ಆ ಪಂಥದಲ್ಲಿ ತಪ್ಪೊಪ್ಪಿಗೆ ಕಡ್ಡಾಯವಲ್ಲ. ಮನಸ್ಸಿಗೆ ಭಾರವಾದವರು ಪಕ್ಕದ ಸಣ್ಣ ಕೋಣೆಯಲ್ಲಿ ಪಾದ್ರಿಯ ಮುಂದೆ ಕುಳಿತು ಹೇಳಿಕೊಳ್ಳಬಹುದು. ಹಾಗೆ ಹೇಳಿದ್ದು ಅಲ್ಲಿಗೇ ಮುಗಿಯಬೇಕು. ಕೋರ್ಟು ಕೇಳಿದರೂ ಪಾದ್ರಿ ಬಾಯಿ ಬಿಡುವಂತಿಲ್ಲ, ಹೇಳಿಕೊಂಡವರ ಎದುರಿಗೂ ಆ ಮಾತನ್ನು ಮತ್ತೆ ಎತ್ತುವಂತಿಲ್ಲ. ಎತ್ತಿದರೆ ಪಾದ್ರಿಯಾಗಿ ಬದುಕಿದ್ದೆಲ್ಲ ವ್ಯರ್ಥ. ಮದರ್ ನನಗೆ ಕೆಲಸದ ಮೊದಲ ವಾರವೇ ಇದನ್ನು ಹೇಳಿ, ಆ ಕೋಣೆಯ ಬಾಗಿಲು ಮುಚ್ಚಿದ್ದರೆ ಫೋನು ಎಷ್ಟೇ ಬಡಿದುಕೊಂಡರೂ ತಟ್ಟಬಾರದು ಎಂದಿದ್ದರು.

ನನ್ನ ಮೇಲೆ ಅವರ ಋಣವೊಂದಿತ್ತು. ನಾನು ಸೇರಿದ ಎರಡನೇ ವರ್ಷ ಮೈಸೂರಿನಲ್ಲಿ ಅಪ್ಪ ತೀರಿಕೊಂಡರು. ವೀಸಾ ಕಾಗದ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಿತ್ತು, ಹೋದರೆ ವಾಪಸು ಬರುವ ಖಾತ್ರಿ ಇರಲಿಲ್ಲ. ಹೋಗಲಿಲ್ಲ. ಕಚೇರಿಗೆ ಬಂದು ಸುಮ್ಮನೆ ಟೈಪ್ ಮಾಡುತ್ತ ಕುಳಿತಿದ್ದೆ. ಮದರ್ ಕುರ್ಚಿ ಎಳೆದುಕೊಂಡು ಕುಳಿತು "ಅಪ್ಪನ ಹೆಸರು ಹೇಳು" ಅಂದರು. "ಶ್ರೀಕಂಠಯ್ಯ" ಅಂದೆ. ಅವರ ಬಾಯಿಗೆ ಅದು ಬರಲೇ ಇಲ್ಲ. ಸ್ರಿಕಾಂಟಾಯಾ, ಶ್ರೀಕಂತಾಯ. ಅರ್ಧ ಗಂಟೆ ಹಠ ಹಿಡಿದು ಕಲಿತರು. ಆ ಭಾನುವಾರ, ಸತ್ತವರಿಗಾಗಿ ಮಾಡುವ ಪ್ರಾರ್ಥನೆಯಲ್ಲಿ ಆ ಹೆಸರನ್ನು ತಪ್ಪಿಲ್ಲದೆ ಓದಿದರು. ಅಪ್ಪನಿಗಾಗಿ ನಾನು ಅತ್ತದ್ದು ಅವತ್ತೇ.

ಆದ್ದರಿಂದ ಆ ಅಕ್ಟೋಬರ್‌ನ ಮಧ್ಯಾಹ್ನ ಅವರು ಫೋನ್ ಮಾಡಿದಾಗ ನಾನು ಬೇರೆ ಏನನ್ನೂ ಯೋಚಿಸಲಿಲ್ಲ.

"ವೀಣಾ, ನಾನೊಂದು ಪಾರ್ಕಿಂಗ್‌ನಲ್ಲಿದೀನಿ. ಆಸ್ಪತ್ರೆ ಇರ್ಬೇಕು. ಯಾರನ್ನ ನೋಡೋಕೆ ಬಂದೆ ಅಂತ ಸ್ವಲ್ಪ ನೋಡಿ ಹೇಳ್ತೀಯಾ?"

ಇಸ್ಸಾಕ್ವಾದ ಆಸ್ಪತ್ರೆಯಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದ ಒಬ್ಬ ಅಜ್ಜಿಯನ್ನು ನೋಡಲು ಅವರು ಬೆಳಿಗ್ಗೆಯೇ ಹೋಗಿ ಬಂದಿದ್ದರು. ಊಟದ ನಂತರ ಮತ್ತೆ ಹೋಗಿದ್ದರು. ನಾನು ಹೋದಾಗ ಮಳೆ ಸುರಿಯುತ್ತಿತ್ತು. ಕೀಲಿ ಕೈಯಲ್ಲಿ ಹಿಡಿದು ಎಷ್ಟು ಹೊತ್ತಿನಿಂದಲೋ ಹಾಗೇ ಕುಳಿತಿದ್ದ ಅವರ ಕಾರಿನ ಗಾಜಿಗೆಲ್ಲ ಉಸಿರಿನ ಮಂಜು ಹತ್ತಿತ್ತು. ನನ್ನ ಕಾರಿಗೆ ಹತ್ತಿಸಿಕೊಂಡೆ. ಹೆದ್ದಾರಿ ಸೇರಿದೆವು.

"ಹೋದ ತಿಂಗಳೇ ಡಾಕ್ಟರ್ ಹೇಳಿದಾರೆ. ಮರೆವಿನ ಕಾಯಿಲೆ. ಶುರುವಾಗಿದೆ" ಅಂದರು. ಆಮೇಲೆ, "ಈಸ್ಟರ್ ಒಂದು ಮುಗೀಲಿ, ನಾನೇ ಬಿಷಪ್‌ಗೆ ಹೇಳ್ತೀನಿ. ಇನ್ನೊಂದು ಈಸ್ಟರ್ ಬೇಕು ನಂಗೆ. ಅಲ್ಲೀವರೆಗೂ ನನ್ನ ಕೈ ಬಿಡಬೇಡ."

"ಸರಿ ಮದರ್" ಅಂದೆ.

ಮಾರನೆಯ ದಿನದಿಂದ ಅವರಿಗೆ ಕಾರು ಓಡಿಸಲು ಬಿಡಲಿಲ್ಲ. ಬಾಥೆಲ್, ವುಡಿನ್‌ವಿಲ್, ಎಲ್ಲಿಗೆ ಹೋಗುವುದಿದ್ದರೂ ನಾನೇ ಕರೆದೊಯ್ದೆ. ಮನೆ ಮುಟ್ಟುವ ಮುಂಚೆ ಕಾರಿನಲ್ಲೇ ಪಾಠ: ಈ ಮನೆಯಾಕೆ ಇಂಥವರು, ಮಗ ಜೈಲಿನಲ್ಲಿದ್ದಾನೆ, ನಾಯಿ ಸತ್ತು ಎರಡು ವಾರ. ಪ್ರವಚನವನ್ನು ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿದೆ. ಹೊಸಬರಿಗೆ ಅನುಕೂಲವಾಗಲಿ ಎಂದು ಸುಳ್ಳು ಹೇಳಿ ಇಡೀ ಚರ್ಚಿಗೆ ಎದೆಯ ಮೇಲೆ ಹೆಸರಿನ ಚೀಟಿ ಹಾಕಿಸಿದೆ. ಭಾನುವಾರ ನನಗೆ ರಜೆ. ಆದರೂ ಹೋಗಿ ಎರಡನೇ ಸಾಲಿನಲ್ಲಿ ಪ್ರವಚನದ ಇನ್ನೊಂದು ಪ್ರತಿ ಹಿಡಿದು ಕೂರುತ್ತಿದ್ದೆ. ಅವರು ತಡವರಿಸಿದರೆ ಮುಂದಿನ ಪದವನ್ನು ತುಟಿಯಲ್ಲಿ ಆಡಿ ತೋರಿಸುತ್ತಿದ್ದೆ. ಸಾವಿರ ಸಲ ಹೇಳಿದ ಪೂಜೆಯ ಮಾತುಗಳು ಅವರ ಬಾಯಿಂದ ತಾವಾಗಿ ಬರುತ್ತಿದ್ದವು, ಕ್ರಿಸ್‌ಮಸ್ ಚೆನ್ನಾಗಿಯೇ ಆಯಿತು. ನಾಲ್ಕೂವರೆಗೆ ಕತ್ತಲಾಗುವ ಆ ದಿನಗಳಲ್ಲಿ ಕಚೇರಿ ಮುಚ್ಚಿ ಮನೆಗೆ ಬರುವಾಗ ನನಗೆ ಹೆಮ್ಮೆಯಾಗುತ್ತಿತ್ತು. ಇದನ್ನು ಈಗ ಬರೆಯಲು ನಾಚಿಕೆ. ಎಂಟು ವರ್ಷ ಯಾರಿಗೂ ಬೇಡವಾಗಿದ್ದವಳು ಒಂದು ಇಡೀ ಚರ್ಚನ್ನು ನಡೆಸುತ್ತಿದ್ದೆ. ಅವರು ನನ್ನ ಕೈ ಹಿಡಿದಿದ್ದರು ಎನ್ನುವುದು ಎಷ್ಟು ನಿಜವೋ, ಆ ಕೈಯನ್ನು ಬಿಡಲು ನನಗೆ ಮನಸ್ಸಿರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಫೆಬ್ರವರಿಯಲ್ಲಿ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಶುರುವಾಯಿತು. ಮೊದಲ ದಿನ ಬಂದವರ ಹಣೆಗೆಲ್ಲ ಬೂದಿ ಹಚ್ಚುತ್ತಾರೆ. ಮಧ್ಯಾಹ್ನ ಮದರ್ ಕಚೇರಿಗೆ ಬಂದು ನನ್ನ ಹಣೆಗೂ ಹಚ್ಚಿದರು. ಸ್ವಲ್ಪ ಹೊತ್ತಿಗೆ ಬೂದಿಯ ಬಟ್ಟಲು ಹಿಡಿದು ಮತ್ತೆ ಬಂದರು, "ನಿನಗೆ ಹಚ್ಚೇ ಇಲ್ಲ" ಅಂದರು. ಮೂರನೇ ಸಲವೂ ಬಂದರು. ಮೂರು ಸಲವೂ ಹಣೆ ಒಡ್ಡಿದೆ.

ಮನೆಯಲ್ಲಿ ಸಿರಿ "ಅಮ್ಮ, ಯುವರ್ ಫೇಸ್ ಈಸ್ ಆಲ್ ಬ್ಲ್ಯಾಕ್" ಎಂದು ನಕ್ಕಳು. ರಘು ನಗಲಿಲ್ಲ. ಅವನಿಗೆ ಮದರ್ ಕಾಯಿಲೆಯ ವಿಷಯ ಡಿಸೆಂಬರ್‌ನಲ್ಲೇ ಹೇಳಿದ್ದೆ.

"ಸಾಕು ವೀಣಾ. ಬಿಷಪ್‌ಗೆ ಒಂದು ಮೇಲ್ ಹಾಕು" ಅಂದ.

"ಮಾತು ಕೊಟ್ಟಿದೀನಿ ಕಣೋ. ಇನ್ನು ಆರೇ ವಾರ."

"ನೀನು ಮಾತು ಕೊಟ್ಟಿರೋದು ಅವರಿಗೆ. ಅಲ್ಲಿ ಬರೋ ಜನಕ್ಕೆ ಯಾರು ಮಾತು ಕೊಟ್ಟಿದಾರೆ? ನಾಳೆ ಏನಾದ್ರೂ ಆದ್ರೆ?"

"ಏನಾಗುತ್ತೆ? ಹೆಚ್ಚಂದ್ರೆ ಒಂದು ಹೆಸರು ಮರೀತಾರೆ."

ಮರೆಯುವುದರ ಬಗ್ಗೆ ಮಾತ್ರ ನಾನು ಯೋಚಿಸಿದ್ದೆ. ನೆನಪಾಗುವುದರ ಬಗ್ಗೆ ಯೋಚಿಸಿರಲಿಲ್ಲ.

ಚರ್ಚಿನಲ್ಲಿ ಡೆನಿಸ್ ಎನ್ನುವವರಿದ್ದರು. ವಿಮಾನ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದ ಮುದುಕ. ಹಾಡುವವರ ಗುಂಪಿನಲ್ಲಿ ದಪ್ಪ ದನಿ ಅವರದು. ಕುರ್ಚಿ ಜೋಡಿಸುವುದು, ನಲ್ಲಿ ಸರಿಮಾಡುವುದು ಅವರದೇ ಕೆಲಸ. ನನ್ನ ಕೋಣೆ ಥಂಡಿ ಎಂದು ಯಾರೂ ಹೇಳದೆ ತಾವಾಗಿ ಬಂದು ಕಿಟಕಿಯ ಸಂದಿಗೆಲ್ಲ ಪಟ್ಟಿ ಅಂಟಿಸಿಕೊಟ್ಟಿದ್ದರು. ಹೆಂಡತಿ ರೂತ್ ವರ್ಷಗಟ್ಟಲೆ ಹಾಸಿಗೆ ಹಿಡಿದು, ನಾನು ಸೇರುವ ಮುಂಚೆ ತೀರಿಕೊಂಡಿದ್ದರು. ಒಂದು ದಿನ ಡೆನಿಸ್ ಆ ಸಣ್ಣ ಕೋಣೆಯಿಂದ ಕಣ್ಣು ಕೆಂಪಗೆ ಮಾಡಿಕೊಂಡು ಹೊರಬಂದದ್ದನ್ನು ನೋಡಿದ್ದೆ. ನನ್ನನ್ನು ನೋಡಿ ತಲೆಬಾಗಿಸಿ ಹೋಗಿದ್ದರು.

ಉಪವಾಸದ ಕಾಲದ ಎರಡನೇ ಭಾನುವಾರ ಡೆನಿಸ್ ಜೊತೆ ಮಗಳು ಕೇಟ್ ಬಂದಿದ್ದಳು. ಪೋರ್ಟ್‌ಲ್ಯಾಂಡ್‌ನಲ್ಲಿರುವವಳು, ಅಪ್ಪನ ಹುಟ್ಟುಹಬ್ಬಕ್ಕೆಂದು ಬಂದಿದ್ದಳು. ಬಾಗಿಲಲ್ಲೇ ಡೆನಿಸ್ ಅವಳನ್ನು ನನಗೆ ಪರಿಚಯಿಸಿ, "ನನ್ನ ಮಗಳು" ಎಂದು ಎರಡು ಸಲ ಹೇಳಿದರು.

ಮದರ್ ಪ್ರವಚನ ಶುರುಮಾಡಿದರು. ಮೂರನೇ ಹಾಳೆ ಮಗುಚುವಾಗ ಹಾಳೆಗಳು ಕೈ ಜಾರಿ ಕೆಳಗೆ ಚೆಲ್ಲಿದವು. ನಾನು ಎದ್ದು ಹೋಗಿ ನನ್ನ ಪ್ರತಿ ಕೊಡಬೇಕೆನ್ನುವಷ್ಟರಲ್ಲಿ ಅವರು ತಲೆ ಎತ್ತಿ ನಕ್ಕರು, ಹಾಳೆಯಿಲ್ಲದೆ ಮಾತಾಡತೊಡಗಿದರು. ತಿಂಗಳುಗಳಿಂದ ಅವರ ದನಿ ಅಷ್ಟು ತಿಳಿಯಾಗಿ ಕೇಳಿರಲಿಲ್ಲ. ಕ್ಯಾನ್ಸರ್ ವಾರ್ಡಿನ ಕತೆ ಹೇಳಿದರು, ಜನ ನಕ್ಕರು. ಒಬ್ಬರು ಕಣ್ಣೊರೆಸಿಕೊಂಡರು. ದಣಿವು ಪಾಪವಲ್ಲ, ದಣಿದವರನ್ನು ದೇವರು ಬೈಯುವುದಿಲ್ಲ ಎಂದರು. ನಾನು ಎಂಥ ಮೂರ್ಖಳು, ಇವರಿಗೆ ಏನೂ ಆಗಿಲ್ಲ, ವಾಸಿಯಾಗುತ್ತಿದೆ ಎಂದುಕೊಂಡೆ.

"ಈಗ ನಮ್ಮ ಡೆನಿಸ್‌ನೇ ನೋಡಿ" ಅಂದರು ಮದರ್.

ನನಗೆ ಆ ಕ್ಷಣವೇ ಗೊತ್ತಾಯಿತು. ಏನು ಹೇಳುತ್ತಾರೆಂದು ಗೊತ್ತಿರಲಿಲ್ಲ, ಎಲ್ಲಿಂದ ತೆಗೆದು ಹೇಳುತ್ತಿದ್ದಾರೆಂದು ಗೊತ್ತಾಯಿತು. ನಾನು ಎದ್ದು ನಿಲ್ಲಬಹುದಿತ್ತು. ಕೂಗಬಹುದಿತ್ತು, ಬಿದ್ದಂತೆ ನಟಿಸಬಹುದಿತ್ತು. ಎದ್ದರೆ ಎಲ್ಲರಿಗೂ ತಿಳಿದುಹೋಗುತ್ತದೆ, ಅಕ್ಟೋಬರ್‌ನಿಂದ ಮುಚ್ಚಿಟ್ಟದ್ದೆಲ್ಲ ಬಯಲಾಗುತ್ತದೆ. ಅಷ್ಟು ಲೆಕ್ಕ ಹಾಕುವಷ್ಟು ಹೊತ್ತು ನಾನು ಕುಳಿತೇ ಇದ್ದೆ.

"ರೂತ್ ಹಾಸಿಗೆ ಪಕ್ಕ ಒಂದು ಗಂಟೆ ಇತ್ತು. ಬೇಕಾದಾಗ ಬಾರಿಸ್ತಿದ್ಲು. ಅವತ್ತು ಮಧ್ಯಾಹ್ನ ಗಂಟೆ ಬಡೀತು. ಡೆನಿಸ್ ಗ್ಯಾರೇಜಲ್ಲಿದ್ದ, ಅವನಿಗೆ ಕೇಳಿಸ್ತು. ಎಷ್ಟು ದಣಿದಿದ್ದ ಪಾಪ. ರೇಡಿಯೋ ಜೋರು ಮಾಡಿದ. ಮುಕ್ಕಾಲು ಗಂಟೆ ಬಿಟ್ಟು ಹೋದ್ರೆ ಅವಳು ಹೋಗಿಬಿಟ್ಟಿದ್ಲು. ದೇವರು ಅವನನ್ನ ಬಿಟ್ಟುಬಿಟ್ನಾ? ಇಲ್ಲ."

ಪ್ರೀತಿಯಿಂದಲೇ ಹೇಳಿದರು. ಅವರ ಮುಖದಲ್ಲಿ ಕರುಣೆಯಲ್ಲದೆ ಬೇರೇನೂ ಇರಲಿಲ್ಲ.

ಬೆಂಚಿನಲ್ಲಿ ಕೇಟ್ ನಿಧಾನವಾಗಿ ಅಪ್ಪನ ಕಡೆ ತಿರುಗಿದಳು. "ಡ್ಯಾಡ್?" ಅಂದಳು, ಅಷ್ಟೇ. ಹಾಡುವವರ ಸಾಲಿನಲ್ಲಿದ್ದ ಡೆನಿಸ್ ಕೈಯಲ್ಲಿದ್ದ ಹಾಡಿನ ಪುಸ್ತಕವನ್ನು ಮುಚ್ಚಿ, ಬೆಂಚಿನ ಹಿಂದಿನ ಗೂಡಿನಲ್ಲಿ ಸರಿಯಾಗಿ ಇಟ್ಟು, ಬದಿಯ ಬಾಗಿಲಿನಿಂದ ಹೊರಗೆ ಹೋದರು. ಹಾಡುವವರು ತೊಡುವ ಮೇಲಂಗಿಯನ್ನೂ ತೆಗೆಯಲಿಲ್ಲ. ಮಳೆಯಲ್ಲಿ ಆ ಬಿಳಿ ಅಂಗಿ ಪಾರ್ಕಿಂಗ್ ದಾಟಿ ಹೋಗುವುದು ಕಿಟಕಿಯಲ್ಲಿ ಕಾಣಿಸಿತು.

"ಡೆನಿಸ್ ಎಲ್ಲಿಗೆ ಹೊರಟ?" ಎಂದು ಕೇಳಿದರು ಮದರ್.

ಪೂಜೆ ಮುಗಿಯುತ್ತಲೇ ಆಡಳಿತ ಸಮಿತಿಯ ಮುಖ್ಯಸ್ಥೆ ಲಿಂಡಾ ಬಳಿ ಹೋಗಿ ಮದರ್ ಕಾಯಿಲೆಯ ವಿಷಯ ಹೇಳಿದೆ. ಅಡುಗೆಕೋಣೆಯಲ್ಲಿ, ಕಾಫಿ ಪಾತ್ರೆಯ ಪಕ್ಕ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ನಿನಗೆ ಯಾವಾಗ ಗೊತ್ತಾಯ್ತು?"

"ಅಕ್ಟೋಬರ್‌ನಲ್ಲಿ."

ಲಿಂಡಾ ನನ್ನನ್ನು ಬೈಯಲಿಲ್ಲ. ಕಪ್ಪನ್ನು ಸಿಂಕಿನಲ್ಲಿಟ್ಟು ಬಿಷಪ್‌ಗೆ ಫೋನ್ ಮಾಡಲು ಹೊರಗೆ ಹೋದರು.

ಮಂಗಳವಾರ ಬಿಷಪ್ ಕಡೆಯವರು ಬಂದು ಮದರ್ ಜೊತೆ ಒಂದು ಗಂಟೆ ಮಾತಾಡಿದರು. ಅವರು ಹೋದ ಮೇಲೆ ಮದರ್ ನನ್ನ ಕೋಣೆಗೆ ಬಂದರು. ಕಾಲರ್ ತೆಗೆದು ಕೈಯಲ್ಲಿ ಹಿಡಿದಿದ್ದರು.

"ವೀಣಾ, ನಾನು ಏನೋ ಮಾಡಿದೀನಂತೆ. ಅವರು ಮೆತ್ತಗೆ ಹೇಳಿದ್ರು, ನಂಗೆ ಅರ್ಥ ಆಗ್ಲಿಲ್ಲ. ನೀನು ಸುಳ್ಳು ಹೇಳಲ್ಲ. ಏನು ಮಾಡ್ದೆ?"

ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖ ಮುದುಡಿತು. ಹತ್ತೊಂಬತ್ತು ವರ್ಷ ಊರಿಗೆಲ್ಲ ಸಮಾಧಾನ ಹೇಳಿದವರು ನನ್ನ ಮೇಜಿನ ಮೇಲೆ ತಲೆಯಿಟ್ಟು, ಬಾಯಿಗೆ ಮುಷ್ಟಿ ಒತ್ತಿಕೊಂಡು ಅತ್ತರು. "ಅದೊಂದು ಮಾಡಬಾರದಿತ್ತು. ಬೇರೆ ಏನಾದ್ರೂ ಆಗ್ಲಿ, ಅದೊಂದು ಮಾಡಬಾರದಿತ್ತು" ಅಂದರು. ಮುಖ ತೊಳೆದುಕೊಂಡು ಬಂದರು. ಚಹಾ ಕುಡಿದರು. ಆಮೇಲೆ ಕಾಲರ್ ಕಡೆ ನೋಡಿ ಕೇಳಿದರು, "ವೀಣಾ, ನಾನು ಏನೋ ಮಾಡಿದೀನಂತೆ. ಏನು?"

ಎರಡನೇ ಸಲವೂ ಹೇಳಿದೆ. ಮೊದಲ ಸಲದಷ್ಟೇ ಅತ್ತರು. ಮೂರನೇ ಸಲ ಕೇಳಿದಾಗ, "ಏನೂ ಇಲ್ಲ ಮದರ್, ನಿಮಗೆ ಸುಸ್ತಾಗಿದೆ, ರೆಸ್ಟ್ ತಗೊಳ್ಳಿ ಅಂದ್ರು" ಎಂದೆ. ನನ್ನ ಮಾತನ್ನು ನಂಬಿ ನಕ್ಕರು. ಅವರು ಕಾದಿದ್ದ ಈಸ್ಟರ್‌ಗೆ ಬೇರೆ ಊರಿನ ಪಾದ್ರಿಯೊಬ್ಬರು ಬಂದರು.

ಡೆನಿಸ್ ಮನೆಗೆ ನಾನು ಹೋಗಿದ್ದು ಎರಡು ವಾರ ಬಿಟ್ಟು. ಬಾಥೆಲ್‌ನಲ್ಲಿ ಸಣ್ಣ ಮನೆ. ಬಾಗಿಲು ಅರ್ಧ ತೆರೆದು ನಿಂತರು, ಒಳಗೆ ಕರೆಯಲಿಲ್ಲ. ಗಡ್ಡ ಬೆಳೆದಿತ್ತು.

"ಅವರ ಮೇಲೆ ನನಗೆ ಕೋಪ ಇಲ್ಲ" ಅಂದರು. "ಭೂಮಿ ಮೇಲೆ ಒಬ್ರಿಗೆ ಗೊತ್ತಿದ್ರೆ ಸಾಕು, ಬದುಕಬಹುದು ಅಂತ ಹೇಳ್ಕೊಂಡಿದ್ದೆ. ಬದುಕ್ತಾನೂ ಇದ್ದೆ."

"ಕೇಟ್..." ಅಂದೆ.

"ಅವತ್ತು ಚರ್ಚಿಂದಾನೇ ಸೀದಾ ಹೋದ್ಲು. ಫೋನ್ ತೆಗೀತಿಲ್ಲ." ಆಮೇಲೆ ಕೇಳಿದರು, "ನಿನಗೆ ಗೊತ್ತಿತ್ತಾ, ಎಲೆನ್‌ಗೆ ಹುಷಾರಿಲ್ಲ ಅಂತ?"

"ಗೊತ್ತಿತ್ತು."

ತಲೆಯಾಡಿಸಿದರು. ಬಾಗಿಲು ಹಾಕಿಕೊಂಡರು, ಸದ್ದಾಗದ ಹಾಗೆ. ಆ ಬೇಸಿಗೆಯಲ್ಲಿ ಮನೆ ಮಾರಿ ಅರಿಜೋನಾ ಕಡೆ ಎಲ್ಲಿಗೋ ಹೋದರೆಂದು ಲಿಂಡಾ ಹೇಳಿದರು. ಮಗಳ ಊರಿಗಲ್ಲ. ನಾನೂ ಅಷ್ಟರಲ್ಲಿ ಕೆಲಸ ಬಿಟ್ಟಿದ್ದೆ. ಬಿಡು ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ.

ಸ್ಪೋಕೇನ್‌ನ ತಂಗಿ ಬಂದು ಮದರ್ ಅವರನ್ನು ಬಾಥೆಲ್‌ನ ಒಂದು ಆರೈಕೆ ಮನೆಗೆ ಸೇರಿಸಿದರು. ಒಂದು ವರ್ಷ ನಾನು ಆ ಕಡೆ ಸುಳಿಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹೋದೆ. ಕಿಟಕಿಯ ಪಕ್ಕ ಸಣ್ಣಗಾಗಿ ಕುಳಿತಿದ್ದರು. ನನ್ನ ಗುರುತು ಸಿಗಲಿಲ್ಲ. ಆದರೆ ಎದುರಿನ ಕುರ್ಚಿ ತೋರಿಸಿ, ಆ ಸಣ್ಣ ಕೋಣೆಯಲ್ಲಿ ಕೂರಿಸುವವರ ಹಾಗೆ ಕೂರಿಸಿದರು. ಮೊಣಕಾಲ ಮೇಲೆ ಕೈ ಜೋಡಿಸಿಕೊಂಡು ಸ್ವಲ್ಪ ಮುಂದಕ್ಕೆ ಬಾಗಿದರು.

"ಏನು ಹೇಳ್ಬೇಕು ಅಂತ ಬಂದಿದೀಯ? ಹೇಳು. ಇಲ್ಲಿಂದ ಆಚೆ ಹೋಗಲ್ಲ" ಅಂದರು.

ನಾನು ಹಿಂದೂ ಎನ್ನಲಿಲ್ಲ. ಹೇಳಿದೆ. ಅಕ್ಟೋಬರ್‌ನಿಂದ ಹಿಡಿದು ಹೇಳಿದೆ. ಹೆಸರಿನ ಚೀಟಿ, ಸುಳ್ಳು, ಹೆಮ್ಮೆ, ಎದ್ದು ನಿಲ್ಲದೆ ಕುಳಿತ ಆ ಹೊತ್ತು. ಒಬ್ಬ ಅಪ್ಪ ಮತ್ತು ಮಗಳ ಹೆಸರು ಹೇಳಿದೆ. ಅವರಿಗೆ ಆ ಹೆಸರುಗಳು ಯಾರವೆಂದು ತಿಳಿಯಲಿಲ್ಲ. ಮಧ್ಯೆ ಬಾಯಿ ಹಾಕದೆ, ನನ್ನ ಮುಖದಿಂದ ಕಣ್ಣು ತೆಗೆಯದೆ ಪೂರ್ತಿ ಕೇಳಿದರು. ಅಷ್ಟು ಚೆನ್ನಾಗಿ ನನ್ನ ಮಾತನ್ನು ಇನ್ನು ಯಾರೂ ಕೇಳಿಲ್ಲ.

ಮುಗಿಸಿದ ಮೇಲೆ ಅವರು ಬಲಗೈ ಎತ್ತಿದರು, ಕ್ಷಮೆಯ ಮಾತು ಹೇಳಲು. ಮೊದಲ ನಾಲ್ಕು ಪದ ಬಂದವು. ಅಲ್ಲಿಗೆ ನಿಂತುಹೋಯಿತು. ಕೈ ಗಾಳಿಯಲ್ಲೇ ಇತ್ತು. ಮತ್ತೆ ಮೊದಲಿನಿಂದ ಶುರುಮಾಡಿದರು, ಮತ್ತೆ ಅಲ್ಲಿಗೇ ನಿಂತಿತು.

"ಮುಂದಿಂದು ಏನು?" ಎಂದು ನನ್ನನ್ನೇ ಕೇಳಿದರು.

ನನಗೆ ಗೊತ್ತಿತ್ತು. ಎಷ್ಟೋ ಸಲ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿಕೊಟ್ಟಿದ್ದೆ. ಆ ಮಾತನ್ನು ನನಗೆ ನಾನೇ ಹೇಳಿಕೊಡುವುದು ಹೇಗೆ? ಹೇಳಿಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಕೈ ತಾನಾಗಿ ಇಳಿದು ತೊಡೆಯ ಮೇಲೆ ಬಿತ್ತು. ಒಬ್ಬ ನರ್ಸ್ ಬಂದು ಊಟದ ಹೊತ್ತಾಯಿತೆಂದು ಅವರನ್ನು ಎಬ್ಬಿಸಿಕೊಂಡು ಹೋದಳು. ಬಾಗಿಲವರೆಗೆ ಹೋಗಿ ಮದರ್ ತಿರುಗಿ ನೋಡಿದರು, ಯಾರೋ ಹೊಸಬರನ್ನು ನೋಡುವ ಹಾಗೆ ನಕ್ಕರು.